ಚೀನಾದ ಹದಿಹರೆಯದವರ ಮನಸ್ಸಿನ ನೆಮ್ಮದಿ ಅಳೆಯಲು ಯಾವ ಪ್ರಶ್ನಾವಳಿ?

2020ರಲ್ಲಿ ಚೀನಾದ ಹದಿಹರೆಯದವರ ಪೈಕಿ ಶೇ 24.6ರಷ್ಟು ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳು ಪತ್ತೆಯಾದವು, ಶೇ 7.4ರಷ್ಟು ಮಂದಿಯಲ್ಲಿ ಅವು ತೀವ್ರವಾಗಿದ್ದವು ಎಂದು ಚೀನಾ ವಿಜ್ಞಾನ ಅಕಾಡೆಮಿಯ ಮನೋವಿಜ್ಞಾನ ಸಂಸ್ಥೆಯ ವರದಿ 2021ರಲ್ಲಿ ಹೇಳಿತು. ಸುಮಾರು ಅದೇ ಹೊತ್ತಿಗೆ ಇನ್ನೊಂದು ದೊಡ್ಡ ಅಧ್ಯಯನವೂ ಪ್ರಕಟವಾಯಿತು. ಬೀಜಿಂಗ್, ಲಿಯಾವೊನಿಂಗ್, ಜಿಯಾಂಗ್ಸು, ಹುನಾನ್ ಮತ್ತು ಸಿಚುವಾನ್‌ಗಳ 6ರಿಂದ 16 ವರ್ಷದ 73,992 ಮಕ್ಕಳನ್ನು ಒಳಗೊಂಡಿದ್ದ ಆ ಅಧ್ಯಯನದ ಪ್ರಕಾರ ಪ್ರಮುಖ ಖಿನ್ನತೆಯ ಕಾಯಿಲೆಯ (ಮೇಜರ್ ಡಿಪ್ರೆಸಿವ್ ಡಿಸಾರ್ಡರ್) ಪ್ರಮಾಣ ಶೇ 2.0. ಒಂದೇ ದೇಶ, ಹೆಚ್ಚುಕಡಿಮೆ ಒಂದೇ ತಲೆಮಾರು, ಆದರೂ ಒಂದು ಅಂಕಿ ಇನ್ನೊಂದರ ಹನ್ನೆರಡು ಪಟ್ಟು.

ಎರಡರಲ್ಲಿ ಯಾವುದೂ ಸುಳ್ಳಲ್ಲ. ಮೊದಲನೆಯದು ಮಕ್ಕಳೇ ತುಂಬಿದ ಪ್ರಶ್ನಾವಳಿಯಲ್ಲಿ ಒಂದು ಗಡಿ ಅಂಕವನ್ನು ದಾಟಿದವರ ಎಣಿಕೆ. ಎರಡನೆಯದರಲ್ಲಿ ಮೊದಲು ಪ್ರಶ್ನಾವಳಿಯಿಂದ ಜರಡಿ ಹಿಡಿದು, ಆಮೇಲೆ ಆಯ್ದ ಮಕ್ಕಳನ್ನು ಮನೋವೈದ್ಯಕೀಯ ಸಂದರ್ಶನಕ್ಕೆ ಒಳಪಡಿಸಿ ರೋಗನಿರ್ಣಯ ಮಾಡಲಾಗಿತ್ತು. ವಯಸ್ಸಿನ ವ್ಯಾಪ್ತಿಯೂ ಮಾಹಿತಿ ಸಂಗ್ರಹಿಸಿದ ಕಾಲವೂ ಬೇರೆ. ಆದರೆ ಅಂತರದ ಬಹುಪಾಲು ಹುಟ್ಟಿದ್ದು ಸಾಧನದ ಆಯ್ಕೆಯಿಂದ. ಪತ್ರಿಕೆಗಳಲ್ಲಿ ಮೊದಲ ಅಂಕಿ ‘ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆ’ ಎಂದು ಓಡಾಡಿತು. ಪ್ರಶ್ನಾವಳಿ ಹೇಳಿದ್ದು ಅದನ್ನಲ್ಲ.

ಮನೋವಿಜ್ಞಾನ, ಸಮಾಜಕಾರ್ಯ ಅಥವಾ ಸಾರ್ವಜನಿಕ ಆರೋಗ್ಯ ಓದುತ್ತಿರುವವರಿಗೆ ಚೀನಾದ ಶಾಲಾ ಮಕ್ಕಳ ಮೇಲಿನ ಸಂಶೋಧನೆ ಮತ್ತೆ ಮತ್ತೆ ಎದುರಾಗುತ್ತದೆ, ಏಕೆಂದರೆ ಇಷ್ಟು ದೊಡ್ಡ ಪ್ರಮಾಣದಲ್ಲಿ ಮಕ್ಕಳ ಮನಸ್ಸನ್ನು ಅಳೆಯುತ್ತಿರುವ ದೇಶಗಳು ಕಡಿಮೆ. ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳು, ಮಾಧ್ಯಮಿಕ ಶಾಲೆ ಹಾಗೂ ಪ್ರೌಢಶಾಲೆಗಳ ವಿದ್ಯಾರ್ಥಿಗಳಿಗೆ ವರ್ಷಕ್ಕೆ ಒಮ್ಮೆ ಮಾನಸಿಕ ಆರೋಗ್ಯದ ಮಾಪನ ನಡೆಯಬೇಕೆಂದು ಅಲ್ಲಿನ ಶಿಕ್ಷಣ ಸಚಿವಾಲಯ 2021ರಲ್ಲಿ ಸೂಚಿಸಿತು. 2023ರಲ್ಲಿ ಹದಿನೇಳು ಇಲಾಖೆಗಳು ಸೇರಿ 2025ರವರೆಗಿನ ವಿಶೇಷ ಕಾರ್ಯಯೋಜನೆಯನ್ನೂ ಹೊರಡಿಸಿದವು. ಕೋಟಿಗಟ್ಟಲೆ ಮಕ್ಕಳ ಮುಂದೆ ಯಾವ ಪ್ರಶ್ನೆಗಳನ್ನು ಇಡಬೇಕು ಎಂಬುದು ಹಾಗಾಗಿ ಬರೀ ಪ್ರಬಂಧ ಬರೆಯುವವರ ಚಿಂತೆಯಾಗಿ ಉಳಿದಿಲ್ಲ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಶ್ನಾವಳಿಯನ್ನು ಅದರ ಹೆಸರು, ಖ್ಯಾತಿ, ಆಲ್ಫಾ ಗುಣಾಂಕ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದರ ಅಳತೆ) ಇವುಗಳನ್ನು ನೋಡಿ ಆರಿಸಬಾರದು. ಉತ್ತರ ಬಂದ ಮರುದಿನ ಆ ಉತ್ತರದಿಂದ ಯಾರು ಏನು ಮಾಡುತ್ತಾರೆ ಎಂಬುದನ್ನು ನೋಡಿ ಆರಿಸಬೇಕು. ಕೆಳಗಿನ ಹೋಲಿಕೆಗಳೆಲ್ಲ ಈ ಒಂದೇ ದಾರಿಯಲ್ಲಿ ಸಾಗುತ್ತವೆ.

ಲಕ್ಷಣಗಳ ಎಣಿಕೆಯೋ, ನೆಮ್ಮದಿಯ ಅಳತೆಯೋ

ಮಾರುಕಟ್ಟೆಯಲ್ಲಿರುವ ಪ್ರಶ್ನಾವಳಿಗಳಲ್ಲಿ ಎರಡು ಕುಲಗಳಿವೆ. ಒಂದು ಕುಲ ದುಃಖ, ಭಯ, ನಿದ್ದೆಗೇಡು, ಏಕಾಗ್ರತೆಯ ಕೊರತೆ ಮುಂತಾದ ಲಕ್ಷಣಗಳನ್ನು ಎಣಿಸುತ್ತದೆ. ಇನ್ನೊಂದು ಕುಲ ಉಲ್ಲಾಸ, ಆಸಕ್ತಿ, ಆಪ್ತತೆ, ಬದುಕಿಗೆ ಅರ್ಥವಿದೆಯೆಂಬ ಭಾವ ಇವು ಎಷ್ಟಿವೆ ಎಂದು ಕೇಳುತ್ತದೆ. ಎರಡೂ ಒಂದೇ ಗೆರೆಯ ಎರಡು ತುದಿಗಳೆಂದು ಬಹುಕಾಲ ಭಾವಿಸಲಾಗಿತ್ತು. ಅವು ಪರಸ್ಪರ ನಂಟುಳ್ಳ, ಆದರೆ ಬೇರೆಯೇ ಆದ ಎರಡು ಗೆರೆಗಳೆಂದು ಅಮೆರಿಕದ ಸಮಾಜವಿಜ್ಞಾನಿ ಕೋರಿ ಕೀಸ್ ವಾದಿಸಿದರು. ಶಾಲಾ ಮಕ್ಕಳ ಮೇಲೆ ನಡೆದ ‘ಎರಡು ಅಂಶಗಳ ಮಾದರಿ’ಯ ಅಧ್ಯಯನಗಳೂ ಇದೇ ದಿಕ್ಕಿನಲ್ಲಿವೆ.

ಇದರ ಪರಿಣಾಮ ಬಹಳ ಪ್ರಾಯೋಗಿಕವಾದದ್ದು. ಯಾವ ಲಕ್ಷಣವೂ ಇಲ್ಲದ, ಹಾಗೆಯೇ ಯಾವುದರಲ್ಲೂ ಆಸಕ್ತಿಯಿಲ್ಲದ, ಯಾರ ಜೊತೆಗೂ ಆಪ್ತತೆಯಿಲ್ಲದ ಮಗುವೊಂದು ತರಗತಿಯ ಮಧ್ಯದ ಬೆಂಚಿನಲ್ಲಿ ಕುಳಿತಿರುತ್ತದೆ. ಲಕ್ಷಣಗಳ ಪ್ರಶ್ನಾವಳಿ ಅದನ್ನು ‘ಸರಿಯಾಗಿದೆ’ ಎಂದು ದಾಟಿ ಮುಂದೆ ಹೋಗುತ್ತದೆ. ಪರೀಕ್ಷೆಯ ಅಂಕಗಳೂ ಚೆನ್ನಾಗಿದ್ದರೆ ಅದರ ಕಡೆ ಯಾರ ಕಣ್ಣೂ ಬೀಳುವುದಿಲ್ಲ. ನನಗೆ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಕಾಳಜಿ ಇರುವುದು ಇಂಥ ಮಕ್ಕಳ ಬಗ್ಗೆ. ಕ್ಷೇಮವನ್ನು ಅಳೆಯುತ್ತೇವೆ ಎಂದು ಹೇಳಿ ಖಿನ್ನತೆಯ ಪ್ರಶ್ನಾವಳಿಯನ್ನು ಹಂಚುವ ಅಧ್ಯಯನಗಳು ಕೈಬಿಡುವುದು ಇವರನ್ನೇ.

ಐದೇ ಪ್ರಶ್ನೆ: ಡಬ್ಲ್ಯುಎಚ್‌ಒ-5

ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನ ಈ ಸೂಚ್ಯಂಕ 1998ರಿಂದ ಬಳಕೆಯಲ್ಲಿದೆ. ಕಳೆದ ಎರಡು ವಾರಗಳಲ್ಲಿ ಎಷ್ಟು ಹೊತ್ತು ಉಲ್ಲಾಸದಿಂದಿದ್ದೆ, ಶಾಂತವಾಗಿದ್ದೆ, ಚೈತನ್ಯದಿಂದಿದ್ದೆ, ಎದ್ದಾಗ ದಣಿವಾರಿ ಹೊಸದಾಗಿದ್ದೆ, ದಿನಚರಿಯಲ್ಲಿ ಆಸಕ್ತಿಯ ಸಂಗತಿಗಳಿದ್ದವು ಎಂಬ ಐದು ಹೇಳಿಕೆಗಳು. ಪ್ರತಿಯೊಂದಕ್ಕೂ 0ಯಿಂದ 5 ಅಂಕ. ಒಟ್ಟು 25ನ್ನು ನಾಲ್ಕರಿಂದ ಗುಣಿಸಿ 100ಕ್ಕೆ ಏರಿಸುತ್ತಾರೆ. ಅಂಕ 50ರ ಆಸುಪಾಸಿಗಿಂತ ಕೆಳಗಿದ್ದರೆ ಖಿನ್ನತೆಯ ಬಗ್ಗೆ ಮುಂದಿನ ತಪಾಸಣೆ ಮಾಡುವುದು ರೂಢಿ.

ಇದರ ದೊಡ್ಡ ಗುಣವೆಂದರೆ ಇದು ಮಗುವನ್ನು ನೋಯಿಸುವುದಿಲ್ಲ. ಸಾವು, ನಿಷ್ಪ್ರಯೋಜಕತೆ, ಅಳು ಇಂಥ ಮಾತುಗಳಿಲ್ಲ. ಎರಡು ನಿಮಿಷದೊಳಗೆ ಮುಗಿಯುತ್ತದೆ, ವರ್ಷದಲ್ಲಿ ಹಲವು ಸಲ ಕೇಳಿದರೂ ಬೇಸರ ತರುವುದಿಲ್ಲ. ಶಾಲೆಯ ನಾಡಿ ಹಿಡಿದು ನೋಡಲು ಇದಕ್ಕಿಂತ ಹಗುರವಾದ ಸಾಧನ ನನಗೆ ಗೊತ್ತಿಲ್ಲ.

ಆದರೆ ಗಡಿ ಅಂಕವನ್ನು ಕಣ್ಣುಮುಚ್ಚಿ ಬಳಸುವ ಮುನ್ನ ಒಂದು ಲೆಕ್ಕ ಮಾಡಿ ನೋಡಬೇಕು. ಉತ್ತರಗಳಲ್ಲಿ ಮಧ್ಯದ ಆಯ್ಕೆ ಇಲ್ಲ. ‘ಅರ್ಧಕ್ಕಿಂತ ಕಡಿಮೆ ಹೊತ್ತು’ ಎಂದರೆ 2, ‘ಅರ್ಧಕ್ಕಿಂತ ಹೆಚ್ಚು ಹೊತ್ತು’ ಎಂದರೆ 3. ಎಲ್ಲದಕ್ಕೂ 2 ಎಂದ ಮಗುವಿಗೆ 40, ಎಲ್ಲದಕ್ಕೂ 3 ಎಂದ ಮಗುವಿಗೆ 60. ಗಡಿ ಇರುವುದು ಸರಿಯಾಗಿ ಈ ಎರಡರ ನಡುವೆ. ‘ಪರವಾಗಿಲ್ಲ’ ಎಂಬ ಮನಃಸ್ಥಿತಿಯ ಮಗು ಯಾವ ಕಡೆ ವಾಲುತ್ತದೆ ಎಂಬುದರ ಮೇಲೆ ಅದರ ಹೆಸರು ಪಟ್ಟಿಗೆ ಸೇರುವುದು ಬಿಡುವುದು ನಿರ್ಧಾರವಾಗುತ್ತದೆ.

ಎರಡನೆಯ ಎಚ್ಚರಿಕೆ ನಿದ್ದೆಯ ಪ್ರಶ್ನೆಯದು. ಚೀನಾದ ಪ್ರೌಢಶಾಲೆಗಳಲ್ಲಿ ಸಂಜೆಯ ಸ್ವಾಧ್ಯಯನದ ತರಗತಿಗಳು ರಾತ್ರಿಯವರೆಗೆ ನಡೆಯುವುದು ಸಾಮಾನ್ಯ. 2021ರಲ್ಲಿ ಶಿಕ್ಷಣ ಸಚಿವಾಲಯವೇ ಪ್ರಾಥಮಿಕ ಶಾಲೆಯವರಿಗೆ 10, ಮಾಧ್ಯಮಿಕ ಶಾಲೆಯವರಿಗೆ 9, ಪ್ರೌಢಶಾಲೆಯವರಿಗೆ 8 ಗಂಟೆಗಳ ನಿದ್ದೆ ಬೇಕೆಂದು ಸುತ್ತೋಲೆ ಹೊರಡಿಸಬೇಕಾಯಿತು. ‘ಎದ್ದಾಗ ದಣಿವಾರಿತ್ತು’ ಎಂಬುದಕ್ಕೆ ಇಡೀ ತರಗತಿ 0 ಅಥವಾ 1 ಕೊಟ್ಟರೆ ಅಲ್ಲಿ ಸರಿಪಡಿಸಬೇಕಾದದ್ದು ವೇಳಾಪಟ್ಟಿಯನ್ನು. ಹಾಗಾಗಿ ಒಟ್ಟು ಅಂಕದ ಜೊತೆಗೆ ಐದೂ ಪ್ರಶ್ನೆಗಳ ಸರಾಸರಿಯನ್ನು ಬಿಡಿಬಿಡಿಯಾಗಿ ತೆಗೆದು ನೋಡುವುದು ಕಡ್ಡಾಯವೆಂದೇ ನಾನು ಹೇಳುತ್ತೇನೆ.

ವಾರ್ವಿಕ್-ಎಡಿನ್‌ಬರಾ ಮಾಪಕ

2007ರಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ ಇದರಲ್ಲಿ 14 ಹೇಳಿಕೆಗಳಿವೆ, ಎಲ್ಲವೂ ಸಕಾರಾತ್ಮಕ. ಅಂಕ 14ರಿಂದ 70. ಏಳು ಹೇಳಿಕೆಗಳ ಸಂಕ್ಷಿಪ್ತ ರೂಪ 2009ರಲ್ಲಿ ಬಂತು. ಹದಿಮೂರು ವರ್ಷ ತುಂಬಿದವರಿಂದ ಮೇಲಕ್ಕೆ ಬಳಸಬಹುದೆಂದು ಬ್ರಿಟನ್ನಿನ ಶಾಲೆಗಳಲ್ಲಿ ಪರೀಕ್ಷಿಸಲಾಗಿದೆ. ಚೀನೀ ಭಾಷೆಯ ರೂಪಗಳೂ ಇವೆ. ಇದನ್ನು ರೋಗ ಪತ್ತೆಗೆಂದು ಮಾಡಿಲ್ಲ, ಹಾಗಾಗಿ ‘ಇಷ್ಟಕ್ಕಿಂತ ಕಡಿಮೆ ಬಂದರೆ ಕಾಯಿಲೆ’ ಎಂಬ ಗಡಿಯನ್ನು ಇದರ ಮೇಲೆ ಹೇರುವುದು ಸರಿಯಲ್ಲ. ಒಂದು ಕಾರ್ಯಕ್ರಮದ ಮೊದಲು ಮತ್ತು ಆಮೇಲೆ ಗುಂಪಿನ ಸರಾಸರಿ ಎಷ್ಟು ಬದಲಾಯಿತು ಎಂದು ನೋಡಲು ಇದು ಒಳ್ಳೆಯದು. ಬಳಸುವ ಮುನ್ನ ವಾರ್ವಿಕ್ ವಿಶ್ವವಿದ್ಯಾಲಯದ ಪರವಾನಗಿ ಪಡೆಯಬೇಕು.

ಸಂಕ್ಷಿಪ್ತ ರೂಪದ ಏಳರಲ್ಲಿ ಒಂದು ಹೇಳಿಕೆ ನನ್ನನ್ನು ಯೋಚಿಸುವಂತೆ ಮಾಡುತ್ತದೆ: ನನ್ನ ವಿಷಯಗಳಲ್ಲಿ ನಾನೇ ನಿರ್ಧಾರ ಮಾಡಬಲ್ಲವನಾಗಿದ್ದೇನೆ ಎಂಬುದು. ಯಾವ ಪ್ರೌಢಶಾಲೆ, ಯಾವ ವಿಷಯಗಳ ಸಂಯೋಜನೆ, ಯಾವ ಊರಿನ ವಿಶ್ವವಿದ್ಯಾಲಯ ಎಂಬುದನ್ನೆಲ್ಲ ತಂದೆತಾಯಿ, ಅಜ್ಜ ಅಜ್ಜಿ, ತರಗತಿ ಶಿಕ್ಷಕರು ಸೇರಿ ತೀರ್ಮಾನಿಸುವ ಮನೆಯಲ್ಲಿ ಈ ಹೇಳಿಕೆಗೆ ಕಡಿಮೆ ಅಂಕ ಕೊಟ್ಟ ಮಗು ಅಸುಖಿಯೆಂದೇ ಅರ್ಥವಲ್ಲ. ನಮ್ಮ ಮನೆಗಳಿಗೂ ಈ ಮಾತು ಒಪ್ಪುತ್ತದೆ.

ಎಂಎಚ್‌ಸಿ-ಎಸ್‌ಎಫ್: ಶ್ರೀಮಂತ, ಆದರೆ ಜೋಪಾನ

ಕೀಸ್ ಅವರ ಮಾಪಕದ ಈ ಸಂಕ್ಷಿಪ್ತ ರೂಪದಲ್ಲಿ 14 ಪ್ರಶ್ನೆಗಳಿವೆ: ಭಾವನಾತ್ಮಕ ಕ್ಷೇಮದವು 3, ಸಾಮಾಜಿಕ ಕ್ಷೇಮದವು 5, ಮನೋವೈಜ್ಞಾನಿಕ ಕ್ಷೇಮದವು 6. ಕಳೆದ ಒಂದು ತಿಂಗಳಲ್ಲಿ ಎಷ್ಟು ಬಾರಿ ಹಾಗೆನಿಸಿತು ಎಂದು ‘ಒಮ್ಮೆಯೂ ಇಲ್ಲ’ದಿಂದ ‘ಪ್ರತಿದಿನ’ದವರೆಗೆ ಗುರುತಿಸಬೇಕು. ಶಾನ್‌ಡಾಂಗ್ ಪ್ರಾಂತ್ಯದ ವೇಫಾಂಗ್‌ನ ಮಾಧ್ಯಮಿಕ ಮತ್ತು ಪ್ರೌಢಶಾಲಾ ವಿದ್ಯಾರ್ಥಿಗಳ ದೊಡ್ಡ ಗುಂಪಿನಲ್ಲಿ ಇದನ್ನು ಪರೀಕ್ಷಿಸಿ ಬರೆದ ಪ್ರಬಂಧ 2015ರಲ್ಲಿ ಪ್ರಕಟವಾಯಿತು. ಚೀನಾದ ಹದಿಹರೆಯದವರಲ್ಲಿ ಕ್ಷೇಮದ ಒಳಪದರಗಳನ್ನು ನೋಡಬಯಸುವವರಿಗೆ ಇದೇ ಮೊದಲ ನಿಲ್ದಾಣ.

ಇದು ಅಂಕವನ್ನಷ್ಟೇ ಕೊಡದೆ ಮಕ್ಕಳನ್ನು ಮೂರು ಗುಂಪುಗಳಾಗಿ ವಿಂಗಡಿಸುತ್ತದೆ: ಅರಳಿದವರು, ಸಾಧಾರಣ ಸ್ಥಿತಿಯವರು, ಬಾಡಿದವರು. ಅರಳಿದವರ ಗುಂಪಿಗೆ ಸೇರಲು ಭಾವನೆಯ ಮೂರರಲ್ಲಿ ಒಂದಕ್ಕಾದರೂ, ಉಳಿದ ಹನ್ನೊಂದರಲ್ಲಿ ಆರಕ್ಕಾದರೂ ‘ಪ್ರತಿದಿನ’ ಅಥವಾ ‘ಹೆಚ್ಚುಕಡಿಮೆ ಪ್ರತಿದಿನ’ ಎಂದಿರಬೇಕು. ಮೇಲೆ ಹೇಳಿದ ಲಕ್ಷಣವಿಲ್ಲದ ಬಾಡಿದ ಮಗುವನ್ನು ಹೆಸರಿಟ್ಟು ಗುರುತಿಸುವ ಸಾಧನ ಇದು ಎಂಬುದಕ್ಕಾಗಿಯೇ ನನಗೆ ಇದರ ಮೇಲೆ ಗೌರವವಿದೆ.

ತೊಡಕಿರುವುದು ಸಾಮಾಜಿಕ ಕ್ಷೇಮದ ಐದು ಪ್ರಶ್ನೆಗಳಲ್ಲಿ. ನಮ್ಮ ಸಮಾಜ ಎಲ್ಲರಿಗೂ ಒಳ್ಳೆಯದಾಗುತ್ತಾ ಸಾಗುತ್ತಿದೆಯೇ, ಸಮಾಜ ನಡೆಯುವ ರೀತಿ ನಿನಗೆ ಅರ್ಥವಾಗುವಂತಿದೆಯೇ, ಸಮಾಜಕ್ಕೆ ನೀನು ಕೊಡುವಂಥದ್ದು ಏನಾದರೂ ಇದೆಯೇ ಎಂದು ಅವು ಕೇಳುತ್ತವೆ. ರಾಜಕೀಯ-ನೈತಿಕ ಶಿಕ್ಷಣ ಪಠ್ಯದ ಭಾಗವಾಗಿರುವ ಶಾಲೆಯಲ್ಲಿ, ಶಿಕ್ಷಕರು ಓಡಾಡುತ್ತಿರುವ ಕೋಣೆಯಲ್ಲಿ ಕುಳಿತ ಹದಿಮೂರರ ಹುಡುಗಿ ಇದನ್ನು ಮನಸ್ಸಿನ ಬಗೆಗಿನ ಪ್ರಶ್ನೆಯೆಂದು ಓದುತ್ತಾಳೋ, ಸರಿಯುತ್ತರವಿರುವ ಪ್ರಶ್ನೆಯೆಂದು ಓದುತ್ತಾಳೋ? ಎರಡನೆಯ ಸಾಧ್ಯತೆಯನ್ನು ನಾನು ತಳ್ಳಿಹಾಕಲಾರೆ. ಮತ್ತೆ ಲೆಕ್ಕ ನೋಡಿ: ಅರಳಿದವರ ಗುಂಪಿಗೆ ಬೇಕಾದ ಆರರಲ್ಲಿ ಐದನ್ನು ಈ ಪ್ರಶ್ನೆಗಳೇ ತುಂಬಿಕೊಡಬಲ್ಲವು. ಇನ್ನೊಂದು ಪ್ರಶ್ನೆಗೂ ಒಂದು ಭಾವನೆಯ ಪ್ರಶ್ನೆಗೂ ಮೇಲಿನ ಉತ್ತರ ಸಿಕ್ಕರೆ ಮುಗಿಯಿತು.

ಹಾಗೆಂದು ಆ ಐದನ್ನು ಕಿತ್ತುಹಾಕಿದರೆ ಮಾಪಕವೇ ಉಳಿಯುವುದಿಲ್ಲ. ಮೂರೂ ಭಾಗಗಳ ಅಂಕಗಳನ್ನು ಪ್ರತ್ಯೇಕವಾಗಿ ವರದಿ ಮಾಡಬೇಕು. ‘ಶೇ ಇಷ್ಟು ಮಕ್ಕಳು ಅರಳಿದ್ದಾರೆ’ ಎಂಬ ಒಂದೇ ಸಾಲನ್ನು ತಲೆಬರಹ ಮಾಡಬಾರದು. ಇಂಥ ವರದಿಯನ್ನು ಓದುವಾಗ ಸಾಮಾಜಿಕ ಭಾಗದ ಅಂಕ ಉಳಿದೆರಡಕ್ಕಿಂತ ಎಷ್ಟು ಬೇರೆಯಾಗಿ ನಿಂತಿದೆ ಎಂದು ಮೊದಲು ಹುಡುಕಿ.

ಈಪಾಕ್ ಮತ್ತು ಜೀವನ ತೃಪ್ತಿಯ ಮಾಪಕಗಳು

ಈಪಾಕ್ ಹದಿಹರೆಯದವರಿಗೆಂದೇ ಮಾಡಿದ್ದು. ಪೆಗ್ಗಿ ಕರ್ನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದರು, ಚೀನೀ ರೂಪದ ಪರೀಕ್ಷೆ 2019ರಲ್ಲಿ ಬಂತು. ತಲ್ಲೀನತೆ, ಛಲ, ಆಶಾವಾದ, ನಂಟು, ಸಂತೋಷ ಎಂಬ ಐದು ಗುಣಗಳಿಗೆ ನಾಲ್ಕು ನಾಲ್ಕರಂತೆ 20 ಪ್ರಶ್ನೆಗಳು. ಒಟ್ಟುಗೂಡಿಸಿ ಒಂದು ಅಂಕ ಮಾಡುವುದಕ್ಕಿಂತ ಐದನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಇದು ಮಾತಾಡುತ್ತದೆ. ಪರೀಕ್ಷೆಯ ವರ್ಷದಲ್ಲಿರುವ ವಿದ್ಯಾರ್ಥಿಯೊಬ್ಬನಿಗೆ ಛಲದಲ್ಲಿ ಬಹಳ ಹೆಚ್ಚು, ಸಂತೋಷ ಮತ್ತು ನಂಟಿನಲ್ಲಿ ಬಹಳ ಕಡಿಮೆ ಬಂದಿದ್ದರೆ ಸರಾಸರಿ ‘ಪರವಾಗಿಲ್ಲ’ ಎನ್ನಬಹುದು. ಆದರೆ ಆಪ್ತಸಮಾಲೋಚಕರು ಮೊದಲು ಮಾತಾಡಿಸಬೇಕಾದವನು ಅವನೇ. ಆಪ್ತಸಮಾಲೋಚಕರಿರುವ ಶಾಲೆಗೆ ಇದು ತುಂಬ ಉಪಯುಕ್ತ, ರಾಷ್ಟ್ರಮಟ್ಟದ ಸಮೀಕ್ಷೆಗೆ ಅಷ್ಟಲ್ಲ.

ಜೀವನ ತೃಪ್ತಿಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಎಡ್ ಡೀನರ್ ಮತ್ತು ಸಂಗಡಿಗರ ಐದು ಹೇಳಿಕೆಗಳ ಮಾಪಕ (1985) ಬದುಕನ್ನು ಒಟ್ಟಾರೆಯಾಗಿ ತೂಗುತ್ತದೆ. ಹ್ಯೂಬ್ನರ್ ಅವರ ಮಕ್ಕಳ ಮಾಪಕ (1994) ಮನೆ, ಗೆಳೆಯರು, ಶಾಲೆ, ಪರಿಸರ, ತಾನು ಎಂದು ಐದು ಕ್ಷೇತ್ರಗಳಲ್ಲಿ ಕೇಳುತ್ತದೆ. ಹಳ್ಳಿಯಲ್ಲಿ ಅಜ್ಜಿಯ ಬಳಿ ಬಿಟ್ಟು ತಂದೆತಾಯಿ ನಗರಕ್ಕೆ ದುಡಿಯಲು ಹೋದ ಮಕ್ಕಳ ಬಗ್ಗೆ ತಿಳಿಯಬೇಕಾದರೆ ಎರಡನೆಯದನ್ನೇ ಆರಿಸಬೇಕು, ಏಕೆಂದರೆ ಅಲ್ಲಿ ಮನೆಯ ಅಂಕ ಮತ್ತು ಗೆಳೆಯರ ಅಂಕ ಬೇರೆ ಬೇರೆ ಕಥೆ ಹೇಳುತ್ತವೆ. ಹದಿನೈದರ ವಯಸ್ಸಿನವರ ಕಲಿಕೆಯನ್ನು ದೇಶದೇಶಗಳಲ್ಲಿ ಅಳೆಯುವ ಪಿಸಾ ಸಮೀಕ್ಷೆಯಂತೆ 0ಯಿಂದ 10ರವರೆಗಿನ ಒಂದೇ ಪ್ರಶ್ನೆ ಕೇಳುವ ದಾರಿಯೂ ಇದೆ. 2018ರಲ್ಲಿ ಬೀಜಿಂಗ್, ಶಾಂಘೈ, ಜಿಯಾಂಗ್ಸು, ಝೆಜಿಯಾಂಗ್‌ಗಳ ಹದಿನೈದರ ವಯಸ್ಸಿನವರಲ್ಲಿ ಶೇ 59ರಷ್ಟು ಮಂದಿ ಬದುಕಿನ ಬಗ್ಗೆ ತೃಪ್ತಿ ತೋರಿದರು. ಬಹುಪಾಲು ಶ್ರೀಮಂತ ರಾಷ್ಟ್ರಗಳ ಕೂಟವಾದ ಒಇಸಿಡಿಯ ದೇಶಗಳ ಸರಾಸರಿ ಶೇ 67. ಓದು, ಗಣಿತ, ವಿಜ್ಞಾನ ಮೂರರಲ್ಲೂ ಮೊದಲ ಸ್ಥಾನ ಪಡೆದ ಮಕ್ಕಳು ಅವರು.

ಖಿನ್ನತೆಯ ಪ್ರಶ್ನಾವಳಿಗಳಲ್ಲಿ ಸಿಇಎಸ್-ಡಿ, ಪಿಎಚ್‌ಕ್ಯೂ-9

ಲೆನೋರ್ ರಾಡ್ಲಾಫ್ 1977ರಲ್ಲಿ ಪ್ರಕಟಿಸಿದ ಸಿಇಎಸ್-ಡಿಯಲ್ಲಿ 20 ಹೇಳಿಕೆಗಳು; ಅಂಕ 0ಯಿಂದ 60, ಗಡಿ 16. ಸಾರ್ವಜನಿಕ ಸಮೀಕ್ಷೆಗೆಂದೇ ಮಾಡಿದ್ದರಿಂದಲೂ ಬಳಸಲು ಹಣ ಕೊಡಬೇಕಿಲ್ಲದ್ದರಿಂದಲೂ ಚೀನಾದ ಸಂಶೋಧನೆಯಲ್ಲಿ ಇದು ತುಂಬ ಹರಡಿದೆ. ಹಳೆಯ ಮಾಹಿತಿಯೊಂದಿಗೆ ಹೋಲಿಸಬೇಕಾದವರಿಗೆ ಇದನ್ನು ಬಿಡುವುದು ಕಷ್ಟ.

ಇಪ್ಪತ್ತರಲ್ಲಿ ನಾಲ್ಕು ಹೇಳಿಕೆಗಳು ಸಕಾರಾತ್ಮಕ: ನಾನು ಉಳಿದವರಷ್ಟೇ ಒಳ್ಳೆಯವನು, ಭವಿಷ್ಯದ ಬಗ್ಗೆ ಭರವಸೆಯಿದೆ, ಸಂತೋಷವಾಗಿದ್ದೆ, ಬದುಕನ್ನು ಆನಂದಿಸಿದೆ. ಇವುಗಳಿಗೆ ತಿರುಗುಮುರುಗಾಗಿ ಅಂಕ ಕೊಡುತ್ತಾರೆ. ‘ಅಪರೂಪಕ್ಕೆ’ ಎಂದರೆ 3. ತನ್ನ ಒಳ್ಳೆಯದನ್ನು ತಾನೇ ಹೇಳಿಕೊಳ್ಳಬಾರದೆಂದು ಕಲಿತ ಮಗು ನಾಲ್ಕಕ್ಕೂ ‘ಅಪರೂಪಕ್ಕೆ’ ಎಂದು ಗುರುತು ಹಾಕಿದರೆ ಹನ್ನೆರಡು ಅಂಕ ಕೂಡಿಬಿಟ್ಟವು. ಪರೀಕ್ಷೆಯ ವಾರದ ನಿದ್ದೆಗೇಡು, ಊಟ ಸೇರದಿರುವುದು, ಏಕಾಗ್ರತೆ ತಪ್ಪುವುದು ಇವಿಷ್ಟರಿಂದ ಇನ್ನು ನಾಲ್ಕು ಬರುವುದು ಸುಲಭ, ಅಲ್ಲಿಗೆ 16. ಈ ನಾಲ್ಕು ಸಕಾರಾತ್ಮಕ ಹೇಳಿಕೆಗಳಿಗೆ ಜಪಾನೀಯರು ಅಮೆರಿಕನ್ನರಿಗಿಂತ ಕಡಿಮೆ ಒಪ್ಪಿಗೆ ಸೂಚಿಸುತ್ತಾರೆಂದು 1990ರ ದಶಕದ ಅಧ್ಯಯನಗಳು ತೋರಿಸಿದವು; ಪೂರ್ವ ಏಷ್ಯಾದ ಸಮಾಜಗಳಲ್ಲಿ ಇದನ್ನು ಎಚ್ಚರದಿಂದ ಓದಬೇಕೆಂಬ ತಿಳಿವಳಿಕೆ ಅಂದಿನಿಂದ ಬೆಳೆದಿದೆ. ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಅಮೆರಿಕನ್ನರ ನಡುವೆ 1988ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೇಹದ ದೂರುಗಳೂ ಮನಸ್ಸಿನ ದುಃಖವೂ ಎರಡು ಬೇರೆ ಅಂಶಗಳಾಗಿ ಒಡೆಯದೆ ಒಂದಾಗಿಯೇ ನಿಂತವು.

ಸಿಇಎಸ್-ಡಿ ಬಳಸಲೇಬೇಕಾದರೆ ಆ ನಾಲ್ಕನ್ನು ಬಿಟ್ಟು ಹದಿನಾರರ ಅಂಕವನ್ನೂ ಪಕ್ಕದಲ್ಲಿ ಕೊಡಿ. ಎರಡು ಅಂಕಗಳಲ್ಲಿ ಮಕ್ಕಳ ಶ್ರೇಣಿ ಬದಲಾಗದಿದ್ದರೆ ನೆಮ್ಮದಿ. ಬದಲಾದರೆ ನೀವು ಎಣಿಸುತ್ತಿರುವುದರಲ್ಲಿ ವಿನಯದ ಪಾಲೂ ಇದೆ.

ಪಿಎಚ್‌ಕ್ಯೂ-9 ಇನ್ನೂ ನೇರ. 2001ರಲ್ಲಿ ಬಂದ ಒಂಬತ್ತು ಪ್ರಶ್ನೆಗಳು, ಎರಡು ವಾರಗಳ ಅವಧಿ, ಅಂಕ 0ಯಿಂದ 27. 10 ಅಥವಾ ಹೆಚ್ಚು ಬಂದರೆ ಮುಂದಿನ ಪರೀಕ್ಷೆ ಬೇಕು. ಒಂಬತ್ತನೆಯ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಆಲೋಚನೆಯದು. ಇದರ ಬಗ್ಗೆ ನನ್ನ ಮಾತು ಕಟುವಾಗಿದೆ: ಮಗು ಆ ಪ್ರಶ್ನೆಗೆ ‘ಹೌದು’ ಎಂದ ದಿನವೇ ಅದನ್ನು ನೋಡುವ ತರಬೇತಾದ ವ್ಯಕ್ತಿ ಇಲ್ಲದಿದ್ದರೆ ಈ ಪ್ರಶ್ನಾವಳಿಯನ್ನು ಹಂಚಬಾರದು. ಮಾಹಿತಿ ಸಂಗ್ರಹಿಸಿ ಆರು ತಿಂಗಳ ಬಳಿಕ ಕಂಪ್ಯೂಟರಿನಲ್ಲಿ ಪೇರಿಸಿ ನೋಡುವ ಅಧ್ಯಯನಕ್ಕೆ ಆ ಪ್ರಶ್ನೆ ಕೇಳುವ ನೈತಿಕ ಹಕ್ಕಿಲ್ಲ. ಒಂಬತ್ತನೆಯದನ್ನು ಕೈಬಿಟ್ಟ ಎಂಟು ಪ್ರಶ್ನೆಗಳ ರೂಪವೂ ಇದೆ. ಹೆಸರಿಲ್ಲದ ಸಮೀಕ್ಷೆಗೆ ಅದು ಸಾಕು.

ಎಸ್‌ಡಿಕ್ಯೂ: ಮೂರು ಕಡೆಯ ಕಣ್ಣು

ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ ಈ 25 ಪ್ರಶ್ನೆಗಳ ಸಾಧನವನ್ನು ತಂದೆತಾಯಿ, ಶಿಕ್ಷಕರು ಮತ್ತು 11 ವರ್ಷ ದಾಟಿದ ಮಕ್ಕಳು ಬೇರೆ ಬೇರೆಯಾಗಿ ತುಂಬುತ್ತಾರೆ. ಭಾವನೆಯ ತೊಂದರೆ, ನಡವಳಿಕೆ, ಚಡಪಡಿಕೆ, ಗೆಳೆಯರೊಂದಿಗಿನ ತೊಂದರೆ ಹಾಗೂ ಸಹಾಯಬುದ್ಧಿ ಎಂಬ ಐದು ವಿಭಾಗ. ಮೊದಲ ನಾಲ್ಕರ ಮೊತ್ತ 40ಕ್ಕೆ. ಶಾಂಘೈಯಲ್ಲಿ ಡು ಯಾಸಾಂಗ್ ಮತ್ತು ಸಂಗಡಿಗರು ಮೂರೂ ರೂಪಗಳಿಗೆ ಸ್ಥಳೀಯ ಮಾನದಂಡ ರೂಪಿಸಿ 2008ರಲ್ಲಿ ಪ್ರಕಟಿಸಿದರು. ಬ್ರಿಟನ್ನಿನ ಗಡಿ ಅಂಕಗಳನ್ನು ಎತ್ತಿ ತಂದು ಬಳಸದೆ ಇವನ್ನೇ ಬಳಸಬೇಕು. ಆದರೆ ಶಾಂಘೈಯ ಮಾನದಂಡ ಗನ್ಸು ಅಥವಾ ಗುಯಿಝೌನ ಬೆಟ್ಟದ ಶಾಲೆಗೆ ಹೊಂದುತ್ತದೆಯೇ ಎಂದು ಪರೀಕ್ಷಿಸದೆ ಒಪ್ಪಬಾರದು.

ಗೆಳೆಯರ ವಿಭಾಗದ ಐದು ಪ್ರಶ್ನೆಗಳು ಒಂದಕ್ಕೊಂದು ಸರಿಯಾಗಿ ಹೊಂದಿಕೊಳ್ಳುವುದಿಲ್ಲವೆಂಬ ದೂರು ಚೀನೀ ರೂಪದ ಮೇಲೆ ಪದೇ ಪದೇ ಕೇಳಿಬಂದಿದೆ. ಆ ವಿಭಾಗದ ಅಂಕವೊಂದನ್ನೇ ಹಿಡಿದು ತೀರ್ಮಾನ ಮಾಡಬೇಡಿ. ಮೂರು ಕಡೆಯ ಉತ್ತರಗಳು ಹೊಂದದೇ ಇರುವುದನ್ನು ಮಾತ್ರ ನಾನು ದೋಷವೆಂದು ನೋಡುವುದಿಲ್ಲ. ಮಗು ತನ್ನ ಭಾವನೆಯ ತೊಂದರೆ ಹೆಚ್ಚು ಎಂದು, ತಾಯಿ ಏನೂ ಇಲ್ಲ ಎಂದು ಬರೆದಿದ್ದರೆ, ಆಪ್ತಸಮಾಲೋಚಕರಿಗೆ ಮಾತು ಆರಂಭಿಸಲು ಆ ವ್ಯತ್ಯಾಸವೇ ಜಾಗ.

ಚೀನಾದ ಶಾಲೆಗಳಲ್ಲೇ ಬೇರೂರಿದವು

ಈಸ್ಟ್ ಚೀನಾ ನಾರ್ಮಲ್ ವಿಶ್ವವಿದ್ಯಾಲಯದ ಝೌ ಬುಚೆಂಗ್ 1991ರಲ್ಲಿ ಜಪಾನೀ ಪರೀಕ್ಷೆಯೊಂದನ್ನು ಹೊಂದಿಸಿ ರೂಪಿಸಿದ ಎಂಎಚ್‌ಟಿ (ಮಾನಸಿಕ ಆರೋಗ್ಯ ಪರೀಕ್ಷೆ) ಗ್ರಾಮೀಣ ಚೀನಾದ ಅಧ್ಯಯನಗಳಲ್ಲಿ ಈಗಲೂ ಕಾಣುತ್ತದೆ. ಹೌದು-ಇಲ್ಲ ಉತ್ತರದ 100 ಪ್ರಶ್ನೆಗಳು. ಕಲಿಕೆಯ ಆತಂಕ, ಒಂಟಿತನ, ತನ್ನನ್ನೇ ದೂಷಿಸಿಕೊಳ್ಳುವುದು, ದೇಹದ ಲಕ್ಷಣಗಳು ಮುಂತಾದ ಎಂಟು ವಿಭಾಗಗಳು. ಆ ನೂರರಲ್ಲೇ ಸುಳ್ಳು ಉತ್ತರ ಹಿಡಿಯುವ 10 ಪ್ರಶ್ನೆಗಳೂ ಸೇರಿವೆ. ಒಟ್ಟು 65 ಮತ್ತು ಅದಕ್ಕಿಂತ ಹೆಚ್ಚು ಬಂದವರಿಗೆ ಪ್ರತ್ಯೇಕ ಗಮನ ಬೇಕೆಂಬುದು ರೂಢಿ. ಸುಳ್ಳು ಹಿಡಿಯುವ ಪ್ರಶ್ನೆಗಳು ಮೇಲಿನ ಯಾವ ಮಾಪಕದಲ್ಲೂ ಇಲ್ಲ, ಅದು ಇದರ ಬಲ. ಹೆಸರಿನಲ್ಲಿ ಮಾನಸಿಕ ಆರೋಗ್ಯ ಎಂದಿದ್ದರೂ ಇದು ಅಳೆಯುವುದು ಆತಂಕವನ್ನು. ಈ ಅಂಕವನ್ನು ‘ಕ್ಷೇಮ’ ಎಂದು ಕರೆದ ಪ್ರಬಂಧ ಕಂಡರೆ ಅದರ ತೀರ್ಮಾನಗಳನ್ನು ಆತಂಕಕ್ಕಷ್ಟೇ ಸೀಮಿತಗೊಳಿಸಿ ಓದಿ.

ವಾಂಗ್ ಜಿಶೆಂಗ್ ಮತ್ತು ಸಂಗಡಿಗರ 60 ಪ್ರಶ್ನೆಗಳ ಮಾಪಕ 1997ರದು. ಹತ್ತು ವಿಭಾಗಗಳಿದ್ದು, ಕಲಿಕೆಯ ಒತ್ತಡಕ್ಕೆ ತನ್ನದೇ ವಿಭಾಗವಿರುವುದು ಇದರ ವಿಶೇಷ. ಸರಾಸರಿ 2 ದಾಟಿದರೆ ಸೌಮ್ಯ ತೊಂದರೆ ಎನ್ನುತ್ತಾರೆ. ಐದು ಹಂತದ ಉತ್ತರದಲ್ಲಿ 2 ಎಂದರೆ ‘ಸ್ವಲ್ಪ’ ಎಂಬಷ್ಟೇ ಅರ್ಥ, ಹಾಗಾಗಿ ಈ ಗಡಿ ಬಹಳ ಸಡಿಲ, ಅದರಿಂದ ಬರುವ ಶೇಕಡಾವಾರು ದೊಡ್ಡದಾಗಿಯೇ ಇರುತ್ತದೆ. ವಯಸ್ಕರ ರೋಗಲಕ್ಷಣಗಳಿಗೆಂದು ಮಾಡಿದ ಎಸ್‌ಸಿಎಲ್-90ನ್ನು ಮಕ್ಕಳಿಗೆ ಕೊಡುವ ಅಭ್ಯಾಸವೂ ಇದೆ. ಇದನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಕೋಣೆಯೊಳಗೆ ನಡೆಯುವುದು

ಯಾವುದನ್ನು ಆರಿಸಿದರೂ ಕೇಳುವ ದಿನ ಮತ್ತು ಜಾಗ ಅಂಕವನ್ನು ಬದಲಿಸುತ್ತವೆ. ವಿಶ್ವವಿದ್ಯಾಲಯಕ್ಕೆ ಸೇರಲು ಬರೆಯುವ ಗಾವೊಕಾವೊ ಪ್ರವೇಶ ಪರೀಕ್ಷೆ ಜೂನ್ 7ರಿಂದ ಆರಂಭವಾಗುತ್ತದೆ. ಮೇ ತಿಂಗಳಲ್ಲಿ ಕೊನೆಯ ವರ್ಷದವರನ್ನು ‘ಕಳೆದ ಎರಡು ವಾರ’ದ ಬಗ್ಗೆ ಕೇಳಿ, ಅಕ್ಟೋಬರ್‌ನಲ್ಲಿ ಕೇಳಿದ ಇನ್ನೊಂದು ಶಾಲೆಯೊಂದಿಗೆ ಹೋಲಿಸಿದರೆ ಸಿಗುವುದು ಕ್ಯಾಲೆಂಡರಿನ ವ್ಯತ್ಯಾಸ. ಹಲವು ಶಾಲೆಗಳಲ್ಲಿ ತಿಂಗಳಿಗೊಮ್ಮೆ ಪರೀಕ್ಷೆಯಿರುತ್ತದೆ, ಅದರ ಫಲಿತಾಂಶ ಬಂದ ವಾರವನ್ನೂ ತಪ್ಪಿಸಬೇಕು.

ತರಗತಿ ಶಿಕ್ಷಕರು ಕೋಣೆಯಲ್ಲಿರಬಾರದು. ಉತ್ತರದ ಮೇಲೆ ಹೆಸರು ಇರುತ್ತದೆಯೋ ಇಲ್ಲವೋ ಎಂಬುದನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಬೇಕು, ಹೇಳಿದಂತೆ ನಡೆದುಕೊಳ್ಳಬೇಕು. 2021ರ ನವೆಂಬರ್ 1ರಿಂದ ಜಾರಿಯಲ್ಲಿರುವ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾನೂನು 14 ವರ್ಷದೊಳಗಿನ ಮಕ್ಕಳ ಮಾಹಿತಿಯನ್ನು ಸೂಕ್ಷ್ಮ ಮಾಹಿತಿಯೆಂದು ಪರಿಗಣಿಸಿ ಪೋಷಕರ ಒಪ್ಪಿಗೆ ಕೇಳುತ್ತದೆ. ಕಾನೂನು ಕೇಳಲಿ ಬಿಡಲಿ, ಅಂಕ ಕಡಿಮೆ ಬಂದರೆ ತನ್ನ ಹೆಸರು ಎಲ್ಲೋ ದಾಖಲಾಗುತ್ತದೆಂದು ಹೆದರಿದ ಮಗು ನಿಜ ಬರೆಯುವುದಿಲ್ಲ.

ದೇಶದೇಶಗಳ ಹೋಲಿಕೆಯ ಆಸೆಯನ್ನು ಹತೋಟಿಯಲ್ಲಿಡಬೇಕು. ಜಪಾನ್ ಮತ್ತು ತೈವಾನ್‌ನ ವಿದ್ಯಾರ್ಥಿಗಳು ಅಮೆರಿಕ ಮತ್ತು ಕೆನಡಾದವರಿಗಿಂತ ಹೆಚ್ಚಾಗಿ ಮಧ್ಯದ ಆಯ್ಕೆಗಳನ್ನು ಗುರುತಿಸುತ್ತಾರೆಂದು 1995ರ ಅಧ್ಯಯನವೊಂದು ತೋರಿಸಿತು. ಅದರಿಂದ ಸರಾಸರಿಗಳ ಹೋಲಿಕೆ ಬುಡಮೇಲಾಗಲಿಲ್ಲ ಎಂಬುದೂ ಅದೇ ಅಧ್ಯಯನದ ಮಾತು, ಆದ್ದರಿಂದ ಇದನ್ನು ಅತಿಯಾಗಿ ಹಿಗ್ಗಿಸಬಾರದು. ಆದರೆ ಗಡಿ ಅಂಕದ ಆಚೀಚೆ ಎಷ್ಟು ಮಂದಿ ಎಂದು ಎಣಿಸುವಾಗ ಸಣ್ಣ ವಾಲುವಿಕೆಯೂ ದೊಡ್ಡ ವ್ಯತ್ಯಾಸ ತರುತ್ತದೆ. ಅದೇ ಶಾಲೆಯ ಅದೇ ಮಕ್ಕಳನ್ನು ಮುಂದಿನ ವರ್ಷ ಕೇಳಿದಾಗ ಉತ್ತರಿಸುವ ಶೈಲಿ ಬಹುಮಟ್ಟಿಗೆ ಹಾಗೇ ಇರುತ್ತದೆ. ಆಗ ಬದಲಾವಣೆಯನ್ನು ನಂಬಬಹುದು. ಗಂಡು-ಹೆಣ್ಣು, ಹಳ್ಳಿ-ನಗರ ಹೋಲಿಸುವವರು ಪ್ರಶ್ನೆಗಳು ಎರಡೂ ಗುಂಪಿನಲ್ಲಿ ಒಂದೇ ರೀತಿ ಕೆಲಸ ಮಾಡುತ್ತವೆ ಎಂಬ ಅಳತೆಯ ಸಮಾನತೆಯ ಪರೀಕ್ಷೆಯನ್ನು ಮೊದಲು ತೋರಿಸಬೇಕು. ಆಲ್ಫಾ 0.9 ಇದೆ ಎಂಬುದು ಇದಕ್ಕೆ ಉತ್ತರವಾಗದು. ಒಂದೇ ಮಾತನ್ನು ಆರು ರೀತಿಯಲ್ಲಿ ಕೇಳಿದರೂ ಆಲ್ಫಾ ಏರುತ್ತದೆ.

ಯಾರಿಗೆ ಯಾವುದು

ಸಾವಿರಾರು ಮಕ್ಕಳಿಗೆ ಒಬ್ಬರೇ ಆಪ್ತಸಮಾಲೋಚಕರಿರುವ ಜಿಲ್ಲೆಯಾದರೆ ಡಬ್ಲ್ಯುಎಚ್‌ಒ-5ನ್ನು ವರ್ಷಕ್ಕೆರಡು ಬಾರಿ, ಪರೀಕ್ಷೆಗಳಿಂದ ದೂರದ ವಾರಗಳಲ್ಲಿ ಕೇಳಿ. ಪಟ್ಟಿಯ ಅತಿ ಕೆಳಗಿನವರಿಂದ ಆರಂಭಿಸಿ, ಎಷ್ಟು ಮಕ್ಕಳೊಂದಿಗೆ ನಿಜಕ್ಕೂ ಕುಳಿತು ಮಾತಾಡಬಲ್ಲಿರೋ ಅಷ್ಟು ಮಂದಿಯನ್ನು ಕರೆಯಿರಿ. ಆಪ್ತಸಮಾಲೋಚನೆ ಮತ್ತು ಆಸ್ಪತ್ರೆಯ ಸಂಪರ್ಕ ಎರಡೂ ಗಟ್ಟಿಯಾಗಿರುವ ನಗರದ ಶಾಲೆ ಎಸ್‌ಡಿಕ್ಯೂವಿನ ಮೂರು ರೂಪಗಳಿಂದ ಆರಂಭಿಸಿ, ಬೇಕಾದವರಿಗೆ ಮಾತ್ರ ಪಿಎಚ್‌ಕ್ಯೂ-9 ಕೊಡಬಹುದು. ಒತ್ತಡ ಇಳಿಸುವ ಕಾರ್ಯಕ್ರಮವೊಂದರ ಫಲ ನೋಡುವವರಿಗೆ ವಾರ್ವಿಕ್-ಎಡಿನ್‌ಬರಾದ 14 ಹೇಳಿಕೆಗಳು. ಹಳ್ಳಿಯ ಹಳೆಯ ಅಧ್ಯಯನಗಳ ಮುಂದುವರಿಕೆಗೆ ಎಂಎಚ್‌ಟಿ ತಪ್ಪಿಸಲಾಗದು. ಅದರ ಕೊನೆಗೆ ಡಬ್ಲ್ಯುಎಚ್‌ಒ-5ರ ಐದು ಪ್ರಶ್ನೆಗಳನ್ನು ಸೇರಿಸಿದರೆ ಆತಂಕದ ಜೊತೆ ನೆಮ್ಮದಿಯ ಒಂದು ಅಂಕವೂ ದೊರೆಯುತ್ತದೆ.

ಪಿಎಚ್‌ಡಿಗಾಗಿ ಒಂದೇ ಬಾರಿ ಮಾಹಿತಿ ಸಂಗ್ರಹಿಸುವ ಅವಕಾಶವಿರುವವರಿಗೆ ನನ್ನ ಆಯ್ಕೆ ಎಂಎಚ್‌ಸಿ-ಎಸ್‌ಎಫ್ ಜೊತೆಗೆ ಎಂಟು ಪ್ರಶ್ನೆಗಳ ಪಿಎಚ್‌ಕ್ಯೂ. ಒಟ್ಟು 22 ಪ್ರಶ್ನೆಗಳು, ಒಂದು ತರಗತಿಯ ಅವಧಿಯ ಕಾಲುಭಾಗದಲ್ಲಿ ಮುಗಿಯುತ್ತವೆ. ಎರಡರ ಅಂಕಗಳನ್ನು ಅಡ್ಡ-ಉದ್ದ ಇಟ್ಟು ನಾಲ್ಕು ಮನೆಗಳ ಕೋಷ್ಟಕ ಮಾಡಿ, ಲಕ್ಷಣವೂ ಇಲ್ಲದ ನೆಮ್ಮದಿಯೂ ಇಲ್ಲದ ಮಕ್ಕಳ ಮನೆಯಲ್ಲಿ ಎಷ್ಟು ಮಂದಿ ಇದ್ದಾರೆಂಬುದನ್ನು ಪ್ರಬಂಧದ ಮೊದಲ ಪುಟದಲ್ಲೇ ಬರೆಯಿರಿ.